ಬಾಯಿ ತುಂಬ ಸಾಕ್ಷಿ

ಮೀನಿನ ಮೇವು ಕಲಸುವ ಮಿಕ್ಸರಿನೊಳಗೆ ನಾನು ಮೊಣಕಾಲು ಮಡಚಿ ಕೂತಿದ್ದೆ.

ಹೊರಗೆ, ಹಸಿರು ಬಟನ್ ಮೇಲೆ ಗೂಳಿಯ ಹೆಬ್ಬೆರಳಿತ್ತು. ಗೂಳಿ ಆ ಮೀನಿನ ಫಾರಂನ ಸೆಕ್ಯುರಿಟಿ. ಹೆಸರಿಟ್ಟವರು ಅವನ ಕತ್ತು ನೋಡಿ ಇಟ್ಟಿದ್ದರು.

ನನ್ನ ಬೆನ್ನಿಗೆ ಒಂದು ಬ್ಲೇಡ್ ತಾಗುತ್ತಿತ್ತು. ತೊಡೆಯ ಕೆಳಗೆ ಇನ್ನೊಂದು. ಒಟ್ಟು ಆರಿವೆ. ನನಗೆ ಚೆನ್ನಾಗಿ ಗೊತ್ತು. ಆ ಮಿಕ್ಸರ್ ಸುರಕ್ಷಿತವಾಗಿದೆ ಅಂತ ಸರ್ಟಿಫಿಕೇಟ್ ಬರೆದವನು ನಾನೇ.

"ಹೊರಗೆ ಬರ್ತೀಯೋ, ಬಟನ್ ಒತ್ಲೋ?" ಎಂದ ಗೂಳಿ.

"ಹ್ಞೂಂ."

"ಹ್ಞೂಂ ಅಂದ್ರೆ ಯಾವುದು?"

ಬಾಯಿ ಬಿಟ್ಟು ಹೇಳುವಂತಿರಲಿಲ್ಲ. ನನ್ನ ಎರಡೂ ಕೆನ್ನೆಯೊಳಗೆ ಪ್ಲಾಸ್ಟಿಕ್ ಚೂರುಗಳಿದ್ದವು. ನೀಲಿ, ಹಳದಿ, ಹಸಿರು... ಕಹಿಯೆಂದರೆ ಕಹಿ. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಆದರೆ ಬಲ್ಲವನ ಬಾಯಿ ಖಾಲಿ ಇರಬೇಕು.

ಗಂಟೆ ಒಂದೂಮುಕ್ಕಾಲು. ಮೂರಕ್ಕೆ ಆಸ್ಪತ್ರೆಯಲ್ಲಿ ನನ್ನ ಅಕ್ಕನ ಬಲಗೈ ಕತ್ತರಿಸುವವರಿದ್ದರು.

ಮಿಕ್ಸರಿನೊಳಗೆ ಹೇಗೆ ಹೋದೆ ಅಂತ ಕೇಳುತ್ತೀರಿ. ನಡೆದುಕೊಂಡೇ ಹೋದೆ. ಮೊದಲಿನಿಂದ ಹೇಳುತ್ತೇನೆ.

ನನ್ನನ್ನು ಸೋಪು ಅನ್ನುತ್ತಾರೆ. ಮೀನು ಸಾಕುವ ಫಾರಂಗಳ ಕಾಗದ ತೊಳೆದು ಬೆಳ್ಳಗೆ ಮಾಡುವುದು ನನ್ನ ಕಸುಬು. ಹನ್ನೊಂದು ವರ್ಷ, ಹದಿನಾಲ್ಕು ಫಾರಂ. ಪ್ರತಿ ಫಾರಂನಲ್ಲೂ ಒಂದು ಶುದ್ಧ ಕೊಳ ಇಟ್ಟಿರುತ್ತಾರೆ. ಇಲ್ಲಿ ಅದು ಏಳನೆಯದು. ಒಳ್ಳೆಯ ನೀರು, ಕಡಿಮೆ ಮೀನು, ಔಷಧಿಯ ಸುಳಿವಿಲ್ಲ. ಇನ್ಸ್‌ಪೆಕ್ಟರನ್ನು ಬಿಸಿಲಲ್ಲಿ ಸುತ್ತಿಸಿ, ಸರಿಯಾಗಿ ಏಳನೆಯದರ ಬಳಿ ಅವರಿಗೆ ಸುಸ್ತಾಗುವಂತೆ ಮಾಡುವುದು ಒಂದು ಕಲೆ. ಸ್ಯಾಂಪಲ್ ಬಾಟಲಿ ಅಲ್ಲೇ ತುಂಬುತ್ತದೆ. ಉಳಿದ ಇಪ್ಪತ್ತೊಂದು ಕೊಳಗಳಿಗೆ ನಾನು ಒಂದು ಹಾಳೆ ಬರೆಯುತ್ತೇನೆ. 'ಔಷಧಿ: ಬಳಸಿಲ್ಲ.' ಕೆಳಗೆ ಸಹಿ.

ನಿಜವಾಗಿ ಏನು ಬಳಸುತ್ತಾರೆ ಅಂತ ನಾನು ಯಾವತ್ತೂ ಕೇಳಿದವನಲ್ಲ. ಗೊತ್ತಿಲ್ಲದೆ ಬರೆದದ್ದು ಸುಳ್ಳಾಗುವುದಿಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಅಕ್ಕ ಅದೇ ಫಾರಂನ ಶೆಡ್‌ನಲ್ಲಿ ಮೀನು ಸೀಳುವವಳು. ಕೆಲಸ ಕೊಡಿಸಿದ್ದು ನಾನು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ್ದು ಅವಳು. ಮಿಕ್ಸರಿನ ದಿನಕ್ಕೆ ಆರು ದಿನ ಮೊದಲು ಅವಳ ಅಂಗೈಗೆ ಮೀನಿನ ಮುಳ್ಳು ಚುಚ್ಚಿತು. ಶೆಡ್‌ನಲ್ಲಿ ಇದು ವಾರಕ್ಕೆರಡು ಸಲ ಯಾರಿಗಾದರೂ ಆಗುತ್ತದೆ. ಕೈ ತೊಳೆದುಕೊಂಡು ಮುಂದಿನ ಮೀನು ಎತ್ತಿಕೊಂಡಳು. ಮೂರನೇ ದಿನ ಕೈ ಎಷ್ಟು ಊದಿತೆಂದರೆ ಉಂಗುರವನ್ನು ಕತ್ತರಿಸಿ ತೆಗೆಯಬೇಕಾಯಿತು.

ಆರನೇ ದಿನ ಬೆಳಗ್ಗೆ ಡಾಕ್ಟರ್ ನನ್ನನ್ನು ವಾರ್ಡಿನ ಹೊರಗೆ ಕರೆದರು. ಐವತ್ತರ ಹೆಂಗಸು. ಕನ್ನಡಕ ತಲೆಯ ಮೇಲಿಟ್ಟುಕೊಂಡು ಅದನ್ನೇ ಹುಡುಕುತ್ತಿದ್ದರು.

"ಎರಡು ಆ್ಯಂಟಿಬಯೋಟಿಕ್ ಕೊಟ್ಟಾಯ್ತು. ಎರಡೂ ನಾಟಲಿಲ್ಲ" ಎಂದರು. "ಲ್ಯಾಬ್ ರಿಪೋರ್ಟ್ ಬರೋದು ನಾಳೆ. ಕೈ ನಾಳೆವರೆಗೂ ಕಾಯಲ್ಲ. ಮೂರು ಗಂಟೆಗೆ ಮಣಿಕಟ್ಟಿಂದ ತೆಗೀತೀನಿ."

"ಬೇರೆ ದಾರಿ ಇಲ್ವಾ?"

"ಆ ನೀರಿಗೆ ಏನೇನು ಸುರಿದಿದಾರೆ ಅಂತ ಗೊತ್ತಾದ್ರೆ ಇದೆ. ದಿನಾ ಅದನ್ನೇ ಕುಡಿದು ಅಲ್ಲಿನ ರೋಗಾಣು ಪಳಗಿರ್ತಾವೆ. ಸುರಿದಿದ್ದೆಲ್ಲ ಬಿಟ್ಟು ಉಳಿದಿದ್ದು ಕೊಡ್ಬಹುದು. ಫಾರಂಗೆ ಕೇಳ್ದೆ, ಫೈಲ್ ಕಳ್ಸಿದ್ರು. ಏನೂ ಬಳಸಿಲ್ಲ ಅಂತಿದೆ. ಅದನ್ನ ನಂಬಿ ನಾನು ಸಾದಾ ಔಷಧಿಯಿಂದ ಶುರು ಮಾಡ್ದೆ."

ಫೈಲ್ ಅವರ ಕಂಕುಳಲ್ಲೇ ಇತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಜೇಬಿನ ಪೆನ್ನು ಮುಟ್ಟಿ ನೋಡಿಕೊಂಡೆ.

ಆಗಲೇ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಈಗ ಹೇಳುವಾಗಲೂ ನಾಚಿಕೆಯಾಗುತ್ತದೆ.

"ಪಟ್ಟಿ ತರ್ತೀನಿ" ಎಂದೆ.

"ಮೂರರೊಳಗೆ ತನ್ನಿ" ಎಂದು ಅವರು ಕನ್ನಡಕ ಹುಡುಕುತ್ತ ಹೋದರು.

ಫಾರಂನ ಯಜಮಾನ ಸಂಭಾವಿತ. ಕೂರಿಸಿ ನೀರು ಕೊಟ್ಟ. ಮುಚ್ಚಳ ಒಡೆಯದ ಬಾಟಲಿ. ಆ ಮನುಷ್ಯ ತನ್ನ ಫಾರಂನ ನಲ್ಲಿಯಿಂದ ನೀರು ಕುಡಿದದ್ದನ್ನು ನಾನು ಕಂಡಿಲ್ಲ.

"ಮೀನಿಗೆ ಏನೇನು ಔಷಧಿ ಹಾಕಿದೀರ? ಹೆಸರು ಬೇಕು" ಎಂದೆ.

"ಯಾವ ಔಷಧಿ?"

"ಅಕ್ಕನ ಕೈ ಹೋಗುತ್ತೆ."

"ಪಾಪ. ಒಳ್ಳೇ ಕೆಲಸಗಾರ್ತಿ." ಕಪಾಟಿನಿಂದ ಫೈಲ್ ಎಳೆದು ನನ್ನ ಮುಂದಿಟ್ಟ. "ನೋಡು, ನೀನೇ ಬರೆದಿದೀಯಲ್ಲ. ಬಳಸಿಲ್ಲ ಅಂತ."

"ನಿಮ್ಮ ಹೆಸರು ಎಲ್ಲೂ ಬರಲ್ಲ. ಒಂದು ಚೀಟಿ ಸಾಕು."

"ನಾಲ್ಕು ಗಂಟೆಗೆ ಎಕ್ಸ್‌ಪೋರ್ಟ್ ಕಂಟೈನರ್ ಹೊರಡುತ್ತೆ, ಸೋಪು. ಇವತ್ತು ಚೀಟಿ ಗೀಟಿ ಏನೂ ಬೇಡ. ಮನೆಗೆ ಹೋಗು." ಹೇಳುತ್ತಲೇ ಫೋನ್ ಎತ್ತಿ ಗೂಳಿಗೆ ಹೇಳಿದ. "ಇವನನ್ನ ಗೇಟ್‌ವರೆಗೆ ಬಿಟ್ಟು ಬಾ."

ಗೂಳಿ ಬರುವ ಮೊದಲೇ ನಾನು ಹಿಂಬಾಗಿಲಿಂದ ಮೇವಿನ ಗೋದಾಮಿಗೆ ಓಡಿದೆ.

ಅಲ್ಲಿ ಹಿಟ್ಟು ಇದ್ದ. ಮೇವು ಕಲಸುವ ಮುದುಕ. ಹುಬ್ಬಿನವರೆಗೂ ಮೇವಿನ ಪುಡಿ ಮೆತ್ತಿಕೊಂಡಿರುತ್ತದೆ, ಅದಕ್ಕೇ ಆ ಹೆಸರು.

"ಮೇವಿಗೆ ಯಾವ ಔಷಧಿ ಹಾಕ್ತೀಯ?"

"ನೀಲಿ. ಹಳದಿ. ಕೆಂಪು ಗೀಟಿಂದು. ಹೋದ ತಿಂಗಳಿಂದ ಹಸಿರು."

"ಬಣ್ಣ ಅಲ್ಲ, ಹೆಸರು."

"ಓದೋಕೆ ಬಂದಿದ್ರೆ ಇಲ್ಲಿ ಯಾಕಿರ್ತಿದ್ದೆ?"

"ಖಾಲಿ ಪ್ಯಾಕೆಟ್ ಎಲ್ಲಿ?"

ಮೂಲೆಯಲ್ಲಿದ್ದ ಚೂರು ಮಾಡುವ ಯಂತ್ರದ ಕಡೆ ಗಲ್ಲ ಎತ್ತಿದ. ಮೂರು ವರ್ಷದ ಹಿಂದೆ ಒಬ್ಬ ಇನ್ಸ್‌ಪೆಕ್ಟರಿಗೆ ಕಸದಲ್ಲಿ ಔಷಧಿಯ ಪ್ಯಾಕೆಟ್ ಸಿಕ್ಕಿತ್ತು. ಆಮೇಲೆ ಯಂತ್ರ ತರಿಸಿ ಅಂತ ಸಲಹೆ ಕೊಟ್ಟವನು ನಾನು. ಪ್ಯಾಕೆಟ್ ಅಕ್ಕಿಕಾಳಿನಷ್ಟಾಗುತ್ತದೆ, ಮೋರಿಗೆ ಬೀಳುತ್ತದೆ, ಮೋರಿ ನದಿಗೆ ಹೋಗುತ್ತದೆ. ಕೊಳಗಳಿಗೆ ನೀರು ಬರುವುದೂ ಅದೇ ನದಿಯಿಂದ. ಮಾಡಿದ್ದುಣ್ಣೋ ಮಹಾರಾಯ.

ಯಂತ್ರದ ಕೆಳಗೆ ಅಂಗಾತ ಮಲಗಿ ಕೈ ತೂರಿಸಿದೆ. ಹಲ್ಲುಗಳ ಹಿಂದೆ ಸಿಕ್ಕಿಕೊಂಡ ಕೆಲವು ಚೂರು ಹೆಬ್ಬೆರಳಿನ ಉಗುರಿನಷ್ಟು ಅಗಲವಿದ್ದವು. ಅವುಗಳ ಮೇಲೆ ಅಕ್ಷರ ಇತ್ತು. ಅರ್ಧ ಪದ, ಮುಕ್ಕಾಲು ಪದ... ಸಾಕು. ಬಾಚಿಕೊಂಡೆ.

ಗೇಟಿನಲ್ಲಿ ಗೂಳಿ ಎಲ್ಲರ ಜೇಬು, ಚಪ್ಪಲಿ, ಟೋಪಿ ತಡಕುತ್ತಾನೆ. ಆ ನಿಯಮವೂ ನನ್ನದೇ. ಹಾಗಾಗಿ ಚೂರುಗಳನ್ನು ಬಾಯಿಗೆ ತುಂಬಿಕೊಂಡೆ.

ಅಷ್ಟರಲ್ಲಿ ಗೂಳಿಯ ಬೂಟಿನ ಸದ್ದು. ಅಡಗಲು ಗೋದಾಮಿನಲ್ಲಿ ಇದ್ದದ್ದು ಒಂದೇ ಜಾಗ.

ಈಗ ಗೊತ್ತಾಯಿತಲ್ಲ, ಮಿಕ್ಸರಿನೊಳಗೆ ಹೇಗೆ ಹೋದೆ ಅಂತ.

ಯಜಮಾನನೂ ಬಂದ. ಮಿಕ್ಸರಿನ ಬಾಗಿಲಲ್ಲಿ ಬಗ್ಗಿ ನೋಡಿದ.

"ಜೇಬು ಖಾಲಿ ಮಾಡು, ಸೋಪು."

ಪೆನ್ನು, ಬಾಚಣಿಗೆ, ಮೊಪೆಡ್ ಕೀ ಒಂದೊಂದಾಗಿ ತೋರಿಸಿದೆ.

"ಕೆನ್ನೆ ಯಾಕೆ ಊದಿದೆ?"

"ಅಳ್ಳು" ಎಂದೆ.

"ಹಲ್ಲು ನೋವಾ? ಬಾಯಿ ತೆಗಿ, ನೋಡೋಣ."

ತೆಗೆಯಲಿಲ್ಲ.

"ಮೂರು ಎಣಿಸ್ತೀನಿ" ಎಂದ ಯಜಮಾನ. "ಮಿಕ್ಸರ್ ಆಕಸ್ಮಿಕ ಅಂತ ರಿಪೋರ್ಟ್ ಬರೆಯೋಕೆ ನೀನೇ ಇರಲ್ಲ, ಅದೊಂದು ಬೇಜಾರು. ಒಂದು..."

ನನ್ನ ಉಸಿರು ಮೂಗಿನಲ್ಲಿ ಶಿಳ್ಳೆ ಹಾಕುತ್ತಿತ್ತು. ಭಯವಾಗಿತ್ತು. ನನಗಾಗಿ ಅಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಇಬ್ಬರಿಗಾಗಿಯೂ ಆಗಿತ್ತು.

"ಎರಡು..."

ಆಗ ಹೊರಗಿನ ಸದ್ದು ನಿಂತಿತು.

ಫಾರಂನಲ್ಲಿ ಒಂದು ಸದ್ದು ಸದಾ ಇರುತ್ತದೆ. ಇಪ್ಪತ್ತೆರಡು ಕೊಳಗಳಲ್ಲಿ ನೀರು ಬಡಿದು ಗಾಳಿ ಕಲಸುವ ಚಕ್ರಗಳ ಸದ್ದು. ಹತ್ತು ಮೀನಿನ ಜಾಗಕ್ಕೆ ನಲವತ್ತು ತುಂಬಿಸಿದ ಕೊಳಗಳು ಅವು. ಚಕ್ರ ನಿಂತರೆ ಇಪ್ಪತ್ತು ನಿಮಿಷದಲ್ಲಿ ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತವೆ.

"ಜನರೇಟರ್!" ಎಂದು ಯಜಮಾನ ಕಿರುಚಿ ಓಡಿದ.

ಗೂಳಿ ಬಟನ್ ಒತ್ತಿದ. ಒತ್ತಿದ್ದು ನಿಜ, ಅದನ್ನು ನಾನು ಮರೆಯುವವನಲ್ಲ. ಕರೆಂಟ್ ಇರಲಿಲ್ಲ. ಬಟನ್ ಟಿಕ್ ಎಂದಿತು, ಅಷ್ಟೇ. ಅವನು ಎರಡನೇ ಸಲ ಒತ್ತಿ ನೋಡುವಷ್ಟರಲ್ಲಿ ನಾನು ಹೊರಗೆ ಹಾರಿ ಅವನ ಹೊಟ್ಟೆಗೆ ತಲೆಯಿಂದ ಗುದ್ದಿದೆ. ಗೂಳಿ ಮೇವಿನ ಚೀಲಗಳ ಮೇಲೆ ಕೂತ.

ಬಾಗಿಲ ಬಳಿ ಇದ್ದ, ಇಡೀ ಫಾರಂನ ಮೇನ್ ಬೋರ್ಡಿನ ಹಿಡಿ ಕೆಳಗಿತ್ತು. ಅದರ ಮೇಲೆ ಪುಡಿ ಮೆತ್ತಿದ ಕೈಯಿತ್ತು.

"ಓಡು" ಎಂದ ಹಿಟ್ಟು. "ಇಲ್ಲಿ ನನ್ನ ಹೆಸರು ಹಿಡಿದು ಕರೆಯೋಳು ನಿನ್ನ ಅಕ್ಕ ಒಬ್ಳೇ."

ಅವನಿಗೊಂದು ಹೆಸರಿದೆ ಅಂತ ನನಗೆ ಆವತ್ತು ಗೊತ್ತಾಯಿತು.

ಮೊಪೆಡ್ ಹತ್ತಿದೆ. ಮುಖ್ಯ ಗೇಟಿಗೆ ಬೀಗ. ಉಳಿದದ್ದು ಕೊಳಗಳ ನಡುವಿನ ಏರಿ, ಅದರ ಕೊನೆಗೆ ಮೋರಿ, ಮೋರಿಗೆ ಅಡ್ಡ ಹಾಕಿದ ಒಂದು ಹಲಗೆ. ಹಿಂದೆ ಗೂಳಿಯ ಬೈಕ್ ಗುಡುಗಿತು. ಎಡಕ್ಕೂ ಬಲಕ್ಕೂ ಮೀನುಗಳು ಬಾಯಿ ಮೇಲೆತ್ತಿ ಗಾಳಿ ನುಂಗುತ್ತಿದ್ದವು. ನಾನೂ ಹೆಚ್ಚುಕಡಿಮೆ ಅದನ್ನೇ ಮಾಡುತ್ತಿದ್ದೆ, ಬಾಯಿ ಮುಚ್ಚಿಕೊಂಡು.

"ನಿಲ್ಲಿಸೋ!"

ಹಲಗೆ ನನ್ನ ಮೊಪೆಡ್ಡಿಗೆ ಬಾಗಿತು. ಅವನ ಬೈಕಿಗೆ ಮುರಿಯಿತು.

ಒಂದೇ ಸಲ ಹಿಂದಿರುಗಿ ನೋಡಿದೆ. ಗೂಳಿ ಸೊಂಟದವರೆಗೆ ಮೋರಿಯಲ್ಲಿ ನಿಂತಿದ್ದ. ತಲೆ, ಹುಬ್ಬು, ಮೀಸೆ ಎಲ್ಲ ಕಡೆ ಬಣ್ಣಬಣ್ಣದ ಪ್ಲಾಸ್ಟಿಕ್ ಪುಡಿ ಮಿನುಗುತ್ತಿತ್ತು. ಮೋರಿಯ ತಳದಲ್ಲಿ ಅದು ಮೊಣಕಾಲುದ್ದ ಕೂತಿರಬೇಕು. ನದಿಗೆ ಎಷ್ಟು ಹೋಗಿದೆಯೋ ಯಾರು ಬಲ್ಲರು.

ಆಸ್ಪತ್ರೆ ಮುಟ್ಟಿದಾಗ ಎರಡು ಗಂಟೆ ಮೂವತ್ತೈದು. ಡಾಕ್ಟರ್ ಕೈ ತೊಳೆಯುತ್ತಿದ್ದರು. ಮೇಜಿನ ಸ್ಟೀಲ್ ಟ್ರೇಗೆ ಬಾಯಲ್ಲಿದ್ದುದನ್ನೆಲ್ಲ ಉಗಿದೆ.

ಅವರು ಟ್ರೇ ನೋಡಿದರು. ನನ್ನನ್ನು ನೋಡಿದರು.

"ಪಟ್ಟಿ" ಎಂದೆ.

ಅವರು ಚಿಮಟದಲ್ಲಿ ಚೂರುಗಳನ್ನು ಬಣ್ಣ ಬಣ್ಣ ಬೇರೆ ಮಾಡಿದರು. ನೀಲಿ, ಹಳದಿ, ಕೆಂಪು ಗೀಟು, ಹಸಿರು. ಅರ್ಧರ್ಧ ಪದಗಳನ್ನು ಜೋಡಿಸಿದರು.

"ನಾಲ್ಕು" ಎಂದರು. "ಇದ್ರಲ್ಲಿ ಎರಡು ನಾನು ಕೊಟ್ಟಾಯ್ತು. ಆಪರೇಷನ್ ಆದ್ಮೇಲೆ ಈ ಹಸಿರು ಕೊಡೋಳಿದ್ದೆ. ಅದೂ ದಂಡ ಆಗ್ತಿತ್ತು. ಈ ನಾಲ್ಕೂ ಬಿಟ್ರೆ ಉಳಿದಿರೋದು ಒಂದೇ ಔಷಧಿ."

"ಅದು ಕೊಡಿ."

"ಅದು ಕಿಡ್ನಿಗೆ ಕೆಟ್ಟದ್ದು. ಸುಮ್ನೆ ಕೊಡೋ ಹಾಗಿಲ್ಲ. ಇಲ್ಲಿ ಸಹಿ ಇರೋ ಫೈಲ್ ಇದೆ, ಏನೂ ಬಳಸಿಲ್ಲ ಅಂತ. ಅಲ್ಲಿ ನಿಮ್ಮ ಎಂಜಲು ಇದೆ. ನಾನು ಯಾವುದನ್ನ ನಂಬ್ಲಿ?"

ಗೋಡೆಯ ಗಡಿಯಾರ ಎರಡೂ ನಲವತ್ತೆರಡು ತೋರಿಸುತ್ತಿತ್ತು.

"ಆ ಫೈಲ್ ಬರೆದೋನು ನಾನೇ. ಅಷ್ಟೂ ಸುಳ್ಳು."

ಡಾಕ್ಟರ್ ಬೈಯಲಿಲ್ಲ. ಒಂದು ಹಾಳೆ ತಳ್ಳಿದರು. "ಬರೆದು ಕೊಡಿ."

ಬರೆದೆ. ಏಳನೇ ಕೊಳ, ಯಂತ್ರ, ಮೋರಿ, ಹದಿನಾಲ್ಕು ಫಾರಂ ಎಲ್ಲ ಬರೆದೆ. ಅವರು ಎರಡೂ ಹಾಳೆ ಅಕ್ಕಪಕ್ಕ ಹಿಡಿದು ಅಕ್ಷರ ಹೋಲಿಸಿದರು. ಆಮೇಲೆ ನರ್ಸಿಗೆ ಔಷಧಿಯ ಹೆಸರು ಹೇಳಿದರು.

"ಇನ್ನೊಂದು" ಎಂದು ನನ್ನ ಕಡೆ ತಿರುಗಿದರು. "ಆ ಚೂರುಗಳ ಮೇಲೆ ರೋಗಾಣು ಅಂಟ್ಕೊಂಡು ಸಂಸಾರ ಮಾಡ್ತಾವೆ. ನೀರು ಹೋದಲ್ಲೆಲ್ಲ ಹೋಗ್ತಾವೆ. ಬಾಯಿ ತೊಳ್ಕೊಳ್ಳಿ."

"ಎಷ್ಟು ಸಲ?"

"ಬೇಜಾರಾಗೋವರೆಗೂ."

ಮೂರಕ್ಕೆ ಅಕ್ಕನನ್ನು ಒಳಗೆ ಕರೆದುಕೊಂಡು ಹೋದರು. ಐದೂವರೆಗೆ ಡಾಕ್ಟರ್ ಹೊರಗೆ ಬಂದರು. ಉಳಿದದ್ದನ್ನು ಹೊಸ ಔಷಧಿಗೆ ಬಿಟ್ಟು, ಕೊಳೆತದ್ದನ್ನಷ್ಟೇ ತೆಗೆದಿದ್ದರು. ಕೈ ಉಳಿದಿತ್ತು. ಎರಡು ಬೆರಳು ಹೋಗಿದ್ದವು. ಮೂರನೇ ದಿನ ಜ್ವರ ಇಳಿಯಿತು. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬಿಕ್ಕಿಬಿಕ್ಕಿ ಅತ್ತೆ.

ನನ್ನ ಹಾಳೆಯನ್ನು ಡಾಕ್ಟರ್ ಆವತ್ತೇ ಪೊಲೀಸರಿಗೆ ಕಳಿಸಿದ್ದರು. ಕಂಟೈನರ್ ಗೇಟಿನಲ್ಲೇ ನಿಂತಿದೆ. ಯಜಮಾನ ಕೋರ್ಟಿಗೆ ಓಡಾಡುತ್ತಿದ್ದಾನೆ. ನಾನು ಬರೆದುಕೊಟ್ಟ ಎರಡು ಹಾಳೆಗಳಲ್ಲಿ ಯಾವುದು ಸುಳ್ಳು ಅಂತ ಅವನ ವಕೀಲರು ನನ್ನನ್ನು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಹಿಟ್ಟು ಈಗ ಬೇರೆ ಕಡೆ ಕೆಲಸ ಮಾಡುತ್ತಾನೆ. ಅವನನ್ನು ಹೆಸರು ಹಿಡಿದು ಕರೆಯುತ್ತೇನೆ.

ಹದಿನೇಳನೇ ದಿನ ಅಕ್ಕನ ಪಟ್ಟಿ ಬಿಚ್ಚಿದರು. ಹೆಬ್ಬೆರಳು, ತೋರುಬೆರಳು, ನಡುಬೆರಳು. ಡಾಕ್ಟರ್ ಒಂದೊಂದನ್ನೂ ಮಡಚಿ ನೋಡಿದರು.

"ನಿಮ್ಮಕ್ಕ ಇಲ್ಲಿಗೆ ಬಂದ ಮೊದಲನೇ ದಿನವೇ ಬಾಯಿ ಬಿಟ್ಟಿದ್ರೆ ಐದೂ ಉಳೀತಿತ್ತು" ಎಂದರು. "ಫೈಲ್ ಮುಂದಿಟ್ಟು ಕೇಳಿದ್ದೆ. ಎಲ್ಲ ಸರಿಯಾಗಿದೆ ಅಂದ್ರು."

ಅವರು ಹೋದ ಮೇಲೆ ಅಕ್ಕ ಕಿಟಕಿಯ ಕಡೆ ಮುಖ ತಿರುಗಿಸಿದಳು.

"ನಿಂಗೆ ಗೊತ್ತಿತ್ತಾ?" ಎಂದೆ.

"ದಿನಾ ಮೀನಿನ ಹೊಟ್ಟೆ ಸೀಳೋಳು ನಾನು. ಬಣ್ಣದ ಚೂರು ತೊಳೆದು ತೊಳೆದು ಸಾಕಾಗಿದೆ. ಗೊತ್ತಿರಲ್ವಾ?"

"ಮತ್ತೆ ಡಾಕ್ಟರಿಗೆ..."

"ಹಾಳೆ ನೋಡ್ದೆ. ನಿನ್ನ ಅಕ್ಷರ. ನಾನು ತಿದ್ದಿಸಿದ್ದಲ್ವಾ, ಇವತ್ತಿಗೂ ಸೊಟ್ಟ. ಸುಳ್ಳು ಅಂದ್ರೆ ನಿನ್ನ ಎಳ್ಕೊಂಡು ಹೋಗ್ತಾರೆ ಅಂತ ಸುಮ್ನಾದೆ. ಕೈ ಹೇಗೋ ವಾಸಿಯಾಗುತ್ತೆ ಅನ್ಕೊಂಡೆ."

ಏನಾದರೂ ಹೇಳಬೇಕಿತ್ತು. ಈ ಲೋಕದಲ್ಲಿ ಬೇರೆ ಯಾರು ಬೇಕಾದರೂ ಕೇಳಬಹುದಾಗಿದ್ದ, ನಾನೊಬ್ಬ ಮಾತ್ರ ಕೇಳಬಾರದಾಗಿದ್ದ ಪ್ರಶ್ನೆಯನ್ನು ಕೇಳಿಬಿಟ್ಟೆ.

"ಸುಳ್ಳು ಯಾಕೆ ಹೇಳ್ದೆ, ಅಕ್ಕ?"

ಕೆನ್ನೆಗೆ ಬಿತ್ತು.

ಬೆರಳು ಮೂರೇ. ಏಟು ಮಾತ್ರ ಐದರದ್ದೇ.