ಅಗ್ರಿಪೀನಾ ಹೆಸರಿನ ಲೋಟ

“ಬೇಡ! ನಿಮ್ಮ ಕೈಯಿಂದ ನಾನು ಏನೂ ತಗೊಳ್ಳಲ್ಲ!”

ಸಾಂದಾಳ ದನಿ ಅವಳು ಅಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು. ಸಮಾಧಿಗಳ ನಡುವೆ ಬುತ್ತಿ ಬಿಚ್ಚಿ ಕೂತಿದ್ದ ವಿಶಿನೆನಿ ಊರಿನವರೆಲ್ಲ ತಿರುಗಿ ನೋಡಿದರು. ಕೆಂಪು ಮೊಟ್ಟೆ ಸುಲಿಯುತ್ತಿದ್ದ ಕೈಗಳು ನಿಂತುಬಿಟ್ಟವು.

ಅಜ್ಜನ ಸಮಾಧಿಯ ಮುಂದೆ ಕಣ್ಣೊರೆಸಿಕೊಳ್ಳುತ್ತಿದ್ದ ಅವಳ ಎದುರಿಗೆ ಬಂದು ನಿಂತಿದ್ದ ಯುವಕನ ಕೈಯಲ್ಲಿ ನೀಲಿ ಹೂವಿನ ಒಂದು ಪಿಂಗಾಣಿ ಲೋಟ. ಅದರ ಹಿಡಿಗೆ ಕಟ್ಟಿದ ಟವೆಲ್ಲು, ಮೇಲೆ ಬಳೆಯಾಕಾರದ ರೊಟ್ಟಿ, ರೊಟ್ಟಿಯಲ್ಲಿ ಉರಿಯುತ್ತಿರುವ ಮೇಣದಬತ್ತಿ.

“ಇದು... ಆತ್ಮಕ್ಕೆ ಅಂತ...” ಅವನು ತಡವರಿಸಿದ.

“ಯಾರ ಆತ್ಮಕ್ಕೆ? ನಿಮ್ಮ ನೌಕರಿಯ ಆತ್ಮಕ್ಕಾ? ಸತ್ತವರನ್ನ ಅಡ್ಡ ಇಟ್ಕೊಂಡು ಲಂಚ ಕೊಡೋಕೆ ನಾಚಿಕೆ ಆಗಲ್ವಾ ನಿಮಗೆ?”

ಅವನ ಮುಖ ಬಿಳಿಚಿಕೊಂಡಿತು. ಕರಗಿದ ಮೇಣ ಬೆರಳ ಮೇಲೆ ಇಳಿಯುತ್ತಿತ್ತು. ಅದರ ಪರಿವೆಯೇ ಅವನಿಗಿರಲಿಲ್ಲ.

ಸಾಂದಾ ಚೀಲ ಹೆಗಲಿಗೇರಿಸಿ ಬಸ್ಸಿನ ಕಡೆ ನಡೆದೇಬಿಟ್ಟಳು. ಅವಳ ಅಜ್ಜಿ ಕ್ಸೆನಿಯಾ ಆಗ ಸ್ಮಶಾನದ ಆ ತುದಿಯಲ್ಲಿದ್ದಳು, ಮೊದಲು ತನ್ನ ಗಂಡನ ಸಮಾಧಿಗೇ ಬರಬೇಕೆಂದು ಪಾದ್ರಿಯ ತೋಳು ಹಿಡಿದು ಎಳೆಯುತ್ತಾ. ಮೊಮ್ಮಗಳು ಹೊರಟದ್ದೂ ಅವಳಿಗೆ ತಿಳಿಯಲಿಲ್ಲ.

ಮೊಲ್ದೋವಾದಲ್ಲಿ ಈಸ್ಟರ್ ಕಳೆದ ಮರುವಾರ ಹಿರಿಯರ ಹಬ್ಬ. ಅಂದು ಸಮಾಧಿಯ ಆಚೆಗೂ ಈಚೆಗೂ ಲೋಟ, ರೊಟ್ಟಿ ಕೈ ಬದಲಾಗುತ್ತವೆ. ಸತ್ತವರ ಹೆಸರಲ್ಲಿ ಇಲ್ಲಿ ಕೊಟ್ಟದ್ದು ಅಲ್ಲಿ ಅವರಿಗೇ ಸಿಗುತ್ತದೆ. ಬೇಡ ಎಂದವರನ್ನು ಆ ಊರು ಅಂದಿನವರೆಗೆ ಕಂಡಿರಲಿಲ್ಲ.

ಸಾಂದಾ ಅದನ್ನು ತಿಳಿಯದವಳೇನಲ್ಲ. ಆದರೆ ಅವನನ್ನು ನೋಡಿದ ಕೂಡಲೇ ಅವಳಿಗೆ ಎಲ್ಲವೂ ಮರೆತುಹೋಗಿತ್ತು. ಯಾಕೆಂದರೆ ಅವನು ತುದೋರ್, ಜಿಲ್ಲಾ ನ್ಯಾಯಾಲಯದ ನ್ಯಾಯಾಧೀಶ. ಅವನ ಫೋಟೋ ಅಂಟಿಸಿದ ಕಡತ ಅವಳ ಮೇಜಿನ ಮೇಲಿತ್ತು!

ಯುರೋಪ್ ಒಕ್ಕೂಟ ದೇಶಕ್ಕೆ ಹೇಳಿತ್ತು: ಒಳಗೆ ಬರಬೇಕಾದರೆ ಮೊದಲು ನಿಮ್ಮ ನ್ಯಾಯಾಲಯ ಗುಡಿಸಿ. ಹಾಗೆ ಒಂದು ಮಂಡಳಿ ಹುಟ್ಟಿತು. ಅರ್ಧ ಮಂದಿ ವಿದೇಶಿ ಹಿರಿಯರು, ಅರ್ಧ ಇಲ್ಲಿಯವರು. ಪ್ರತಿ ನ್ಯಾಯಾಧೀಶನನ್ನೂ ಒಳಹೊರಗು ಜಾಲಾಡುವುದು ಅವರ ಕೆಲಸ. ಸಾಂದಾ ಅಲ್ಲಿ ಪರಿಶೀಲನಾಧಿಕಾರಿ.

“ಬ್ರಸೆಲ್ಸ್‌ನೋರು ಬಂದು ನಮ್ಮನೆ ಕಸ ಗುಡಿಸ್ಬೇಕೇನೇ?” ಎಂದು ಅಜ್ಜಿ ಛೇಡಿಸುತ್ತಿದ್ದಳು.

“ನಾವು ಗುಡಿಸ್ಲಿಲ್ವಲ್ಲ ಅಜ್ಜಿ, ಅದಕ್ಕೇ!”

ಆ ಮಾತಿನ ಹಿಂದೆ ಒಂದು ಗಾಯವಿತ್ತು. ಸಾಂದಾ ಚಿಕ್ಕವಳಿದ್ದಾಗ ಅಪ್ಪನ ದ್ರಾಕ್ಷಿ ತೋಟ ನ್ಯಾಯಾಲಯದಲ್ಲಿ ಹೋಯಿತು. ಎದುರು ಪಕ್ಷದವನ ಮಗುವಿಗೆ ನ್ಯಾಯಾಧೀಶನೇ ದೀಕ್ಷಾಸ್ನಾನದ ಧರ್ಮತಂದೆ. ತೀರ್ಪಿನಲ್ಲಿ ಒಂದು ಸಾಲು: ‘ಪ್ರತಿವಾದಿ ಮೋಸದ ಉದ್ದೇಶದಿಂದಲೇ ಬೇಲಿ ಸರಿಸಿದ್ದಾನೆ.’ ಯಾರೂ ಕಂಡಿರಲಿಲ್ಲ, ಯಾರೂ ಹೇಳಿರಲಿಲ್ಲ. ನ್ಯಾಯಾಧೀಶ ಊಹಿಸಿ ಬರೆದಿದ್ದ. ಅಪ್ಪ ಆ ಸಾಲನ್ನು ಬಾಯಿಪಾಠದಂತೆ ಹೇಳಿಕೊಳ್ಳುತ್ತಲೇ ತೀರಿಕೊಂಡ. ಅಮ್ಮ ಇಟಲಿಗೆ ಹೋದಳು, ಅಲ್ಲಿಯ ಮುದುಕರನ್ನು ನೋಡಿಕೊಳ್ಳಲು.

ಇನ್ನೊಂದು ವಿಷಯವಿದೆ. ಅದನ್ನು ಸಾಂದಾ ಯಾರಿಗೂ ಹೇಳಿರಲಿಲ್ಲ.

ವಾರಗಟ್ಟಲೆ ತುದೋರ್‌ನ ತೀರ್ಪುಗಳನ್ನು ಓದಿದ್ದಳು. ವಿಧವೆಯೊಬ್ಬಳ ಬಾವಿಯ ತಗಾದೆಯಲ್ಲಿ ಅವನು ಸ್ವತಃ ಹೋಗಿ ಕೆಸರಲ್ಲಿ ನಿಂತು ಅಳತೆ ನೋಡಿದ್ದ. ಆ ತೀರ್ಪನ್ನು ಮತ್ತೆ ಮತ್ತೆ ಓದಿದ್ದಳು, ಕೆಲಸಕ್ಕೆ ಬೇಕಾಗಿರದಿದ್ದರೂ! ಕಡತ ಓದಿ ಪ್ರೀತಿ ಹುಟ್ಟುತ್ತದೆಯೇ ಎಂದು ನೀವು ನಗಬಹುದು. ಅವಳೂ ತನ್ನನ್ನು ನೋಡಿ ನಕ್ಕಿದ್ದಳು.

ಅಂಥವನು ಲೋಟ ಹಿಡಿದು ತನ್ನೆದುರು ನಿಂತಾಗ... ಇವನೂ ಹೀಗೇನಾ! ನನ್ನನ್ನು ಹುಡುಕಿಕೊಂಡು ಇಲ್ಲಿತನಕ ಬಂದನಾ! ಹಾವು ಕಡಿದವಳಿಗೆ ಹಗ್ಗ ಕಂಡರೂ ಭಯ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಣ್ಣೀರು ಒರೆಸಿಕೊಂಡಳು.

ಮರುದಿನ ನಿಯಮದಂತೆ ವರದಿ ಬರೆದಳು. ‘ಅಭ್ಯರ್ಥಿಯು ನನ್ನನ್ನು ಹುಡುಕಿಕೊಂಡು ನನ್ನ ಊರಿಗೆ ಬಂದು, ಪ್ರಭಾವ ಬೀರುವ ಉದ್ದೇಶದಿಂದ ಉಡುಗೊರೆ ನೀಡಲು ಯತ್ನಿಸಿದರು.’

ಸಂಜೆ ಅಜ್ಜಿಯ ಫೋನು.

“ಸಾಂದಾ, ಆ ಹುಡುಗ ಯಾರು ಗೊತ್ತೇನೇ ನಿಂಗೆ?”

“ಗೊತ್ತು ಅಜ್ಜಿ. ಅವರ ವಿಷಯ ಮನೇಲಿ ಮಾತಾಡೋ ಹಾಗಿಲ್ಲ. ರೂಲ್ಸ್ ಇದೆ.”

“ರೂಲ್ಸ್ ಒಲೆಗೆ ಹಾಕು! ಅವನಮ್ಮ...”

ಅವಳು ಫೋನ್ ಕಟ್ ಮಾಡಿದಳು. ಪ್ರಾಮಾಣಿಕತೆ ಅಂದರೆ ಇದೇ ಎಂದು ಒಳಗೊಳಗೇ ಹೆಮ್ಮೆಯೂ ಆಯಿತು, ಪಾಪ.

*

ವಿಚಾರಣೆ ರಾಜಧಾನಿ ಕಿಶಿನೌನಲ್ಲಿ. ಎಲ್ಲರೂ ಮೊಬೈಲ್‌ನಲ್ಲಿ ನೇರವಾಗಿ ನೋಡಬಹುದಾದ ವಿಚಾರಣೆ. ವಿಶಿನೆನಿಯ ಅರ್ಧ ಊರು ನೋಡುತ್ತಿತ್ತು.

ತುದೋರ್‌ನ ಆಸ್ತಿ, ತೀರ್ಪು ಎಲ್ಲ ಶುದ್ಧ. ಉಳಿದದ್ದು ಒಂದೇ ಪ್ರಶ್ನೆ. ಅದರಲ್ಲಿ ಎಡವಿದರೆ ಅವನು ಮತ್ತೆಂದೂ ನ್ಯಾಯಪೀಠ ಹತ್ತುವಂತಿರಲಿಲ್ಲ.

ಅಧ್ಯಕ್ಷೆ ಮಾರೈಕೆ, ಹಾಲೆಂಡಿನ ನಿವೃತ್ತ ನ್ಯಾಯಾಧೀಶೆ, ಕನ್ನಡಕ ಸರಿಪಡಿಸಿಕೊಂಡು ಕೇಳಿದಳು. ದುಭಾಷಿ ಹೇಳಿದ:

“ಈಸ್ಟರ್ ಕಳೆದ ಮರುವಾರದ ಸೋಮವಾರ ನಮ್ಮ ಅಧಿಕಾರಿಗೆ ಲೋಟ ಮತ್ತು ಟವೆಲ್ ಕೊಡಲು ಹೋದದ್ದು ನಿಜವೇ?”

“ನಿಜ.”

“ಯಾಕೆ?”

ಅವನು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡ.

“ಅದು ನನ್ನ ಅಮ್ಮನ ಹೆಸರಿನ ಲೋಟ, ಮೇಡಂ. ಅಗ್ರಿಪೀನಾ ಅಂತ. ವಿಶಿನೆನಿಯಲ್ಲಿ ಸೂಲಗಿತ್ತಿಯಾಗಿದ್ರು, ಆಮೇಲೆ ಊರು ಬಿಟ್ರು. ಈ ಚಳಿಗಾಲದಲ್ಲಿ ಹೋದ್ರು. ನನ್ನೂರಲ್ಲೇ ಮಣ್ಣು ಮಾಡು ಅಂದಿದ್ರು. ಅದು ಅವರ ಮೊದಲನೇ ಹಬ್ಬ. ಮೊದಲ ಲೋಟ ಪಕ್ಕದ ಸಮಾಧಿಯವರಿಗೆ ಕೊಡ್ಬೇಕು. ಪಕ್ಕದಲ್ಲಿ ಅವರು ಅಳ್ತಾ ನಿಂತಿದ್ರು... ಕೊಟ್ಟೆ.”

ಸಾಂದಾಳ ಕೈಯಿಂದ ಪೆನ್ನು ಜಾರಿತು.

ಅಗ್ರಿಪೀನಾ... ‘ನೀನು ಅಗ್ರಿಪೀನಾಳ ಅಂಗೈಗೆ ಬಿದ್ದು ಅತ್ತವಳು ಕಣೇ’ ಎಂದು ಅಜ್ಜಿ ಎಷ್ಟು ಸಲ ಹೇಳಿದ್ದಳು! ತನ್ನನ್ನು ಮೊದಲು ಮುಟ್ಟಿದ ಕೈ ಅದು. ಕಡತದಲ್ಲಿ ‘ತಾಯಿ, ಪಿಂಚಣಿದಾರರು’ ಎಂದಷ್ಟೇ ಇತ್ತು. ತುದೋರ್ ಅದನ್ನು ತುಂಬಿ ಕೊಟ್ಟಾಗ ಆಕೆ ಬದುಕಿದ್ದಳು.

ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

“ಅವರು ಯಾರೆಂದು ಗೊತ್ತಿತ್ತೇ?” ಮಾರೈಕೆ ಕೇಳಿದಳು.

“ಇಲ್ಲ. ಆತ್ಮಕ್ಕೆ ಕೊಡುವಾಗ ಯಾರು ಅಂತ ಕೇಳಲ್ಲ ಮೇಡಂ. ಆದ್ರೂ ಅವರದು ತಪ್ಪಿಲ್ಲ. ನಿಯಮ ಪಾಲಿಸಿದ್ರು. ಅಂಥವರು ಹತ್ತು ವರ್ಷ ಮೊದಲೇ ಬಂದಿದ್ರೆ ಈ ದೇಶ ಉದ್ಧಾರ ಆಗ್ತಿತ್ತು.”

ಅವನು ವ್ಯಂಗ್ಯವಾಡಿದ್ದರೆ ಸಹಿಸಿಕೊಳ್ಳಬಹುದಿತ್ತು. ಅವನು ಮನಸಾರೆ ಹೇಳಿದ್ದ. ಆ ಒಳ್ಳೆಯತನ ಅವಳಿಗೆ ಚಾಟಿಯೇಟಿನ ಹಾಗೆ ತಾಕಿತು.

ಅಧಿಕಾರಿಗಳು ವಿಚಾರಣೆಯಲ್ಲಿ ಬಾಯಿ ಬಿಡುವಂತಿರಲಿಲ್ಲ. ಸಾಂದಾ ಎದ್ದು ನಿಂತಳು.

“ಮೇಡಂ, ವರದಿ ಬರೆದವಳು ನಾನು. ‘ಹುಡುಕಿಕೊಂಡು ಬಂದರು’ ಅಂತ ಬರೆದೆ. ಅದು ನಾನು ಕಂಡಿದ್ದಲ್ಲ, ಊಹೆ. ಊಹೆಯನ್ನ ಸತ್ಯ ಅಂತ ಬರೆದೆ. ನಮ್ಮಪ್ಪನ ತೋಟ ಕಿತ್ಕೊಂಡ ನ್ಯಾಯಾಧೀಶನೂ ಹೀಗೇ ಬರೆದಿದ್ದ... ಅವನಿಗೂ ನನಗೂ ವ್ಯತ್ಯಾಸ ಇಲ್ಲ.”

ಮಾರೈಕೆ ನಿಧಾನವಾಗಿ ತನ್ನ ಪಕ್ಕದಲ್ಲಿದ್ದ ಸ್ಥಳೀಯ ಸದಸ್ಯರತ್ತ ತಿರುಗಿದಳು.

“ಈ ಪದ್ಧತಿ ನಿಮಗೆ ಗೊತ್ತಿತ್ತಲ್ಲವೇ? ವರದಿ ಓದಿದಾಗ ಯಾಕೆ ಹೇಳಲಿಲ್ಲ?”

ನರೆಗೂದಲಿನ ಸದಸ್ಯನೊಬ್ಬ ಮೇಜು ನೋಡುತ್ತಾ ಅಂದ: “ನೀವು ನಗ್ತೀರಿ ಅಂತ... ನಾಚಿಕೆ ಆಯ್ತು ಮೇಡಂ.”

ಮಾರೈಕೆ ನಗಲಿಲ್ಲ. “ನೀವು ಹೇಳದಿದ್ದರೆ ನಾವು ತಪ್ಪಾಗಿಯೇ ಗುಡಿಸುತ್ತೇವೆ,” ಎಂದಳು. ದುಭಾಷಿ ಅದನ್ನು ತುಸು ಮೆಲ್ಲಗೆ ಹೇಳಿದ.

ತುದೋರ್ ತೇರ್ಗಡೆಯಾದ. ಸಾಂದಾ ಅಂದೇ ರಾಜೀನಾಮೆ ಕೊಟ್ಟಳು.

ಮೆಟ್ಟಿಲ ಬಳಿ ಅವನನ್ನು ತಡೆದು ನಿಲ್ಲಿಸಿದಳು.

“ಕ್ಷಮಿಸಿ ಅಂತ ಕೇಳೋಕೂ ನನಗೆ ಮುಖ ಇಲ್ಲ...”

“ನೌಕರಿ ಹೋಗಿದ್ರೆ ಇಷ್ಟು ನೋವಾಗ್ತಿರ್ಲಿಲ್ಲ,” ಎಂದ ಅವನು. “ಮೊದಲ ಲೋಟ ವಾಪಸ್ ಬಂತು. ಆಮೇಲೆ ಬೇರೆ ಯಾರಿಗೂ ಕೊಡೋಕೆ ಮನಸ್ಸಾಗ್ಲಿಲ್ಲ. ಎಲ್ಲರ ಅಮ್ಮಂದಿರೂ ಅಲ್ಲಿ ಕುಡೀತಿರ್ತಾರೆ. ನಮ್ಮಮ್ಮ ಮಾತ್ರ ಬರಿಗೈಲಿ ಬಾಯಾರಿ ಕೂತಿರ್ತಾರೆ... ನಂಬಿಕೆ ಅಷ್ಟೇ, ಗೊತ್ತು. ಆದ್ರೂ...”

ಮೆಟ್ಟಿಲಿಳಿದು ಹೊರಟುಹೋದ.

*

ಸಾಂದಾ ಜಿಲ್ಲಾ ಕೇಂದ್ರದಲ್ಲಿ ಬಡವರಿಗೆ ಉಚಿತ ಕಾನೂನು ನೆರವು ಕೊಡುವ ಕಚೇರಿ ಸೇರಿದಳು. ಭಾನುವಾರಗಳಲ್ಲಿ ವಿಶಿನೆನಿಗೆ ಬರುತ್ತಿದ್ದಳು. ಊರವರು ನೋಡಿ ಪಿಸುಗುಟ್ಟುತ್ತಿದ್ದರು. ಅಂಗಡಿಯ ವಸಿಲ್ಕಾ ಒಮ್ಮೆ ಎಲ್ಲರೆದುರೇ ಅಂದಳು:

“ಒಂದು ಚಾಕಲೇಟ್ ತಗೋ ಸಾಂದಾ. ಹೆದರ್ಬೇಡ, ಲಂಚ ಅಲ್ಲ!”

ಸಾಂದಾ ತಲೆ ತಗ್ಗಿಸಿ ಚಾಕಲೇಟು ಪಡೆದು ತಿಂದಳು.

ಅಜ್ಜನ ಸಮಾಧಿ ಸ್ವಚ್ಛ ಮಾಡಿದ ಮೇಲೆ ಪಕ್ಕದ ಅಗ್ರಿಪೀನಾಳ ಸಮಾಧಿಯ ಕಳೆಯನ್ನೂ ಕೀಳುತ್ತಿದ್ದಳು, ಅದರೊಡನೆ ಮೆಲ್ಲಗೆ ಮಾತಾಡುತ್ತಾ. ಶಿಲುಬೆಯ ಮೇಲಿನ ಹೆಸರನ್ನು ಬಟ್ಟೆಯಿಂದ ಒರೆಸುವಾಗ ಅವಳ ಕೆನ್ನೆ ಬಿಸಿಯೇರುತ್ತಿತ್ತು. ಇಷ್ಟು ದೊಡ್ಡ ಅಕ್ಷರ! ಆ ದಿನ ಒಮ್ಮೆ ತಿರುಗಿ ಓದಿದ್ದರೆ ಸಾಕಾಗಿತ್ತು.

“ಆತುರಗಾರ್ತಿಗೆ ಬುದ್ಧಿ ಮಟ್ಟ,” ಅಜ್ಜಿ ಗೊಣಗುತ್ತಿದ್ದಳು. “ಕಳೆ ಕಿತ್ರೆ ಅವನ ಕೋಪ ಹೋಗುತ್ತೇನೇ? ಹೋಗಿ ಮಾತಾಡು.”

“ಯಾವ ಮುಖ ಇಟ್ಕೊಂಡು ಅಜ್ಜಿ?”

“ಇರೋದು ಒಂದೇ ಅಲ್ವಾ? ಅದನ್ನೇ ಇಟ್ಕೊಂಡು.”

ಮತ್ತೆ ಹಿರಿಯರ ಹಬ್ಬ ಬಂತು. ಚೆರ್ರಿ ಮರಗಳು ಬೆಳ್ಳಗೆ ಹೂಬಿಟ್ಟಿದ್ದವು. ಬರಬಾರದು ಎಂದುಕೊಂಡೇ ಸಾಂದಾ ಬಂದಳು. ತುದೋರ್‌ನನ್ನು ಕಂಡು ಮರದ ಮರೆಗೆ ಸರಿದಳು.

ಅಷ್ಟರಲ್ಲಿ ಅಜ್ಜಿಯ ದನಿ, ಕಿವಿ ಮಂದವಾದವರ ದನಿ, ಇಡೀ ಬಯಲಿಗೇ ಕೇಳಿಸಿತು:

“ಏ ಹುಡುಗಾ! ನಿಮ್ಮಮ್ಮನ ತಲೆ ಹತ್ರ ಕಳೆ ಇಲ್ಲ ನೋಡಿದ್ಯಾ? ಯಾರು ಕಿತ್ತಿದ್ದು ಅಂತ ಕೇಳ್ಬಾರ್ದಾ?”

“ಗೊತ್ತು ಅಜ್ಜಿ,” ತುದೋರ್ ಅಂದ. “ಎರಡು ಸಲ ಬಂದು ದೂರದಿಂದ ನೋಡಿದ್ದೀನಿ. ನನ್ನನ್ನ ಕಂಡ್ರೆ ಓಡಿಹೋಗ್ತಾರೆ ಅಂತ ಹತ್ರ ಬರ್ಲಿಲ್ಲ.”

ಸಾಂದಾ ಮರಕ್ಕೆ ಒರಗಿ ನಿಂತಳು. ಇವರು ನೋಡಿದ್ದಾರೆ! ನಾನು ಸಮಾಧಿಯ ಜೊತೆ ಮಾತಾಡಿದ್ದನ್ನೂ ಕೇಳಿಸಿಕೊಂಡಿರಬಹುದೇ?

ಅವನು ಸಮಾಧಿಯ ಆಚೆ ಬಂದು ನಿಂತ. ಕೈಯಲ್ಲಿ ಅದೇ ನೀಲಿ ಹೂವಿನ ಲೋಟ, ಅದರ ತುಂಬ ಕೆಂಪು ವೈನ್. ಬಳೆಯಾಕಾರದ ರೊಟ್ಟಿ, ಮೇಣದಬತ್ತಿ.

ಬಯಲೆಲ್ಲ ಮತ್ತೆ ತಿರುಗಿ ನೋಡಿತು. ಮರೆಯಿಂದ ಹೊರಬರಲು ಅವಳಿಗೆ ಪ್ರಾಣವೇ ಹೋದಂತಾಯಿತು. ಆದರೂ ಬಂದಳು.

“ಬೇರೆ ಯಾರಿಗೂ ಕೊಟ್ಟಿಲ್ಲ,” ಎಂದ ಅವನು. “ಅಮ್ಮ ಆರಿಸಿದ ಕೈ ನಿಮ್ಮದು ಅನ್ಸುತ್ತೆ. ಇದು ಅಗ್ರಿಪೀನಾ ಆತ್ಮಕ್ಕೆ. ಈ ಸಲ... ತಗೋತೀರಾ?”

ಸಾಂದಾ ಎರಡೂ ಕೈ ಚಾಚಿ ಪಡೆದಳು. ಬೆರಳು ತಾಗಿತು. ಇಬ್ಬರೂ ಸರಿಸಲಿಲ್ಲ.

“ದೇವರು ಅವರನ್ನ ಕ್ಷಮಿಸಲಿ,” ಎಂದಳು, ಲೋಟ ಪಡೆದವರು ಹೇಳುವ ಮಾತು. ಆಮೇಲೆ ಮೆಲ್ಲಗೆ, “ನನ್ನನ್ನೂ...”

“ನಿಮ್ಮ ಕೇಸು ದೇವರ ತನಕ ಹೋಗಲ್ಲ. ನನ್ನ ನ್ಯಾಯಾಲಯಕ್ಕೇ ಬರುತ್ತೆ.”

“ತೀರ್ಪು?”

“ನೀವು ಎದ್ದು ನಿಂತ ದಿನವೇ ಆಗಿದೆ. ಓದಿ ಹೇಳೋಕೆ ಧೈರ್ಯ ಸಾಲ್ಲಿಲ್ಲ.” ಅವನ ಕಣ್ಣು ತುಂಬಿತ್ತು. “ಸಾಂದಾ... ನನಗೆ ನೀವಂದ್ರೆ ಇಷ್ಟ.”

ಅವಳ ನಾಚಿಕೆ ಇನ್ನೂ ಹೋಗಿರಲಿಲ್ಲ. ಅಷ್ಟು ಸುಲಭಕ್ಕೆ ಹೋಗುವ ನಾಚಿಕೆಯೂ ಅದಲ್ಲ. ಕಣ್ಣು ಮುಚ್ಚಿ ಕೊನೆಯ ಹನಿಯವರೆಗೂ ಕುಡಿದಳು. ಆಮೇಲೆ ಖಾಲಿ ಲೋಟವನ್ನು ಮತ್ತೆ ಅವನತ್ತಲೇ ಚಾಚಿದಳು.

“ಇನ್ನೊಂದು ಲೋಟ ಹಾಕಿ ತುದೋರ್,” ಎಂದಳು. “ಒಂದು ವರ್ಷದ ಬಾಯಾರಿಕೆ ಅಲ್ವಾ... ಅಮ್ಮನಿಗೆ.”