ಗುಂಡು ನನಗೆ, ಪದಕ ಅವನಿಗೆ

ಬಂದೂಕಿನ ನಳಿಗೆ ನೇರ ನನ್ನ ಮುಖಕ್ಕಿತ್ತು!

ಮೋರಖಂಡಿ ದಾಟಿ ಅರ್ಧ ಮೈಲಿ. ಮಟಮಟ ಮಧ್ಯಾಹ್ನ. ಟಾಂಗಾಕ್ಕೆ ಅಡ್ಡ ನಿಂತವನು ಖಾಜಾ. ಜಾಗೀರದಾರ ಗಯಾಸುದ್ದೀನ್ ಸಾಹೇಬರ ಖಜಾನೆಯನ್ನು ಹತ್ತು ವರ್ಷ ನನ್ನ ಜೊತೆ ಕಾಯ್ದವನು.

"ಪೆಟಗಿ ಇಳಸು, ಮೊಹಿನುದ್ದೀನ್!"

"ಮ್ಯೂಜಿಯಂಗ ಹೊಂಟದ. ಬಾಜೂ ಸರಿ!"

"ನನ್ನ ತಮಗಾ ಒಂದು ಕೊಡು. ಸೆಟ್ ಪೂರಾ ಆಗ್ಬೇಕಂತ ಸಾಹೇಬ್ರು ನನ್ನ ಎದಿ ಮ್ಯಾಲಿಂದ ಬಿಚ್ಚಿಸ್ಕೊಂಡಾರ!"

ತಮಗಾ... ಪದಕ! ಆ ಮಾತು ಕೇಳಿದರೇ ನನ್ನ ಹೊಟ್ಟೆ ಉರಿಯುತ್ತದೆ. ಡಕಾಯಿತರು ಖಜಾನೆಗೆ ನುಗ್ಗಿದಾಗ ಬಾಗಿಲಿಗೆ ಅಡ್ಡ ನಿಂತವನು ನಾನು. ಖಾಜಾ ಹಿಂದೆ ನಿಂತು ಕೂಗಿದ, ಅಷ್ಟೇ. ಆದರೆ ದರ್ಬಾರಿಗೆ ಖುದ್ದು ಬಂದು ಸಲಾಮು ಹೊಡೆದವನಿಗೇ ಪದಕ, ಅದು ಆ ಮನೆಯ ರಿವಾಜು. ನಾನು ದವಾಖಾನೆಯಲ್ಲಿದ್ದೆ.

ಗುಂಡು ನನ್ನ ತೊಡೆಗೆ, ಪದಕ ಅವನ ಎದೆಗೆ!

ಮದುವೆಗೂ ಸಂತೆಗೂ ಅದನ್ನು ಚುಚ್ಚಿಕೊಂಡೇ ತಿರುಗಿದ. ನನ್ನ ಕಣ್ಣೆದುರೇ!

ಈ ವರ್ಷ, ೧೯೪೯ರಲ್ಲಿ, ಜಾಗೀರು ರದ್ದಾಯಿತು. ಸಾಹೇಬರು ನಾಣ್ಯ, ಪದಕಗಳನ್ನೆಲ್ಲ ಹೈದರಾಬಾದಿನ ಮ್ಯೂಸಿಯಂಗೆ ದಾನ ಕೊಟ್ಟರು. ಕಲ್ಯಾಣದಿಂದ ಒಯ್ದು ಹುಮನಾಬಾದಿನಲ್ಲಿ ಮ್ಯೂಸಿಯಂನವರ ಕೈಗೆ ಮುಟ್ಟಿಸುವ ಕೆಲಸ ನನ್ನದು. ನೌಕರಿ ಹೋದ ಮೇಲೆ ಇಂಥ ರಿಸ್ಕಿನ ಕೆಲಸಗಳೇ ನನ್ನ ಧಂದೆ.

"ಯಾಕ ಹಠ ಮಾಡಾಕತ್ತಿ?" ಬಂದೂಕು ಹಿಡಿದವನೇ ಗೋಗರೆದ. "ಸಾಯೂತನಕ ಮನ್ಯಾಗ ಮುಚ್ಚಿ ಇಟ್ಕೋತೀನೋ. ಯಾರಿಗೂ ತೋರ್ಸಂಗಿಲ್ಲ..."

ಕೊಡಬಹುದಿತ್ತು. ಆದರೆ ಅವನಿಗೆ ಅದು ಸಿಗಬಾರದು! ನನಗೆ ಬೇಕಿದ್ದದ್ದು ಅಷ್ಟೇ.

ಚಾವಟಿ ಬೀಸಿದೆ. ಕುದುರೆ ಚಂಗನೆ ನೆಗೆಯಿತು. ಢಂ! ಗುಂಡು ನನ್ನ ಟೋಪಿ ಹಾರಿಸಿತು. ಖಾಜಾ ಜೋಳದ ಹೊಲಕ್ಕೆ ಉರುಳಿದ. ಹಿಂದಿನಿಂದ ಅವನ ಬೈಗುಳ ಕೇಳುತ್ತಿತ್ತು... ಹುಮನಾಬಾದಿನ ತನಕ ಸಿಳ್ಳೆ ಹೊಡೆದುಕೊಂಡೇ ಹೋದೆ.

ಡಾಕ್ ಬಂಗಲೆಯಲ್ಲಿ ಮ್ಯೂಸಿಯಂನ ಆಫೀಸರ್ ಪೆಟ್ಟಿಗೆಯೊಳಗಿನ ಒಂದೊಂದೇ ಚೀಲದ ಅರಗಿನ ಮುದ್ರೆ ಒಡೆದರು. ಆ ಪದಕವನ್ನು ತಿರುವಿದರು. ಅದರ ಬೆನ್ನು ನಾನು ನೋಡಿರಲೇ ಇಲ್ಲ. ಸದಾ ಅವನ ಎದೆಗೆ ಅಂಟಿರುತ್ತಿತ್ತಲ್ಲ!

"'ಖಜಾನೆ ಕಾಪಾಡಿದ ಶೂರ, ಖಾಜಾ ಮಿಯಾ'... ಹೆಸರು ಸುದ್ದಾ ಕೆತ್ತಿಸ್ಯಾರ! ಇದನ್ನ ಬಾಗಿಲ ಎದುರಿನ ಗಾಜಿನ ಪೆಟಗ್ಯಾಗ ಇಡ್ತೀವ್ರಿ. ಬಂದವರೆಲ್ಲ ಮೊದಲ ಇದನ್ನ ಓದ್ಬೇಕು."

ಆಫೀಸರ್ ನನ್ನತ್ತ ತಿರುಗಿದರು.

"ಈ ಶೂರ ನಿಮಗ ಗೊತ್ತೇನ್ರಿ?"

"ಗೊತ್ರಿ," ಎಂದೆ. "ಗುರಿ ಮಾತ್ರ ಭಾಳ ಖರಾಬ್ ಅದ. ಎರಡು ಬೊಟ್ಟು ಕೆಳಗ ಹೊಡದಿದ್ರ, ನಾ ಇದನ್ನ ಕೇಳೂದು ತಪ್ತಿತ್ತು."