ಹರಿಯದೆ ಬಿಟ್ಟ ಬಲೆಗಳು

ಕುರಿಗಳು ಈ ದಾರಿ ಬಿಟ್ಟು ಕೆಲವು ದಿನಗಳಾಗಿದ್ದವು.

ಜರ್ಮನಿಯ ಲ್ಯೂನೆಬುರ್ಗ್ ಬಯಲಿನ ತುಂಬ ಹೀದರ್ ಪೊದೆಗಳು ನೇರಳೆಯಾಗಿ ಅರಳಿದ್ದವು. ಪ್ರತಿ ಪೊದೆಯ ಮೇಲೂ ಇಬ್ಬನಿ ಹಿಡಿದ ಜೇಡರ ಬಲೆ. ಜೇನು ಸಾಕುವ ವೀಬ್ಕೆ ಬಗ್ಗಿ, ಒಂದು ಬಲೆಯಿಂದ ತನ್ನ ಜೇನುನೊಣವನ್ನು ಮೆಲ್ಲಗೆ ಬಿಡಿಸಿದಳು. ಅದು ಸತ್ತಿತ್ತು.

ಬೆಳಗ್ಗೆ ನೊಣಗಳು ಹೂವಿಗೆ ಹೊರಡುವ ಮೊದಲೇ ಮಂದೆ ಪೊದೆಗಳ ನಡುವೆ ಹಾದು ಬಲೆ ಹರಿಯಬೇಕು. ಜೇನು ಸಾಕುವವರಿಗೆ ಇಲ್ಲಿಯ ಕುರಿಗಾಹಿಗಳು ಕೇಳದೆಯೇ ಮಾಡಿಕೊಡುವ ಉಪಕಾರ ಅದು. ಇಷ್ಟು ವರ್ಷಗಳಲ್ಲಿ ಕುರಿಗಾಹಿ ಹಿನ್ರಿಕ್ ಒಂದು ಬೆಳಗೂ ತಪ್ಪಿಸಿರಲಿಲ್ಲ.

ಅವಳ ಸೊಂಟ ನೋಯುತ್ತಿತ್ತು. ವಸಂತದಲ್ಲಿ ಸಾಸಿವೆ ಹೊಲ, ಆಮೇಲೆ ಲಿಂಡೆನ್ ಮರಗಳು, ಈಗ ಹೀದರ್. ಹೂವು ಅರಳಿದ ಕಡೆಗೆಲ್ಲ ಜೇನುಪೆಟ್ಟಿಗೆ ಹೊತ್ತು ಅಲೆಯುವ ಬದುಕು. ಆದರೂ ಮರಳು ದಾರಿ ಹಿಡಿದು ಹಿನ್ರಿಕ್‌ನನ್ನು ಹುಡುಕಿಕೊಂಡು ಹೊರಟಳು.

ಜೂನಿಪರ್ ಗಿಡಗಳ ಮರೆಯಲ್ಲಿ ಅವನು ಕೋಲಿಗೆ ಗಲ್ಲ ಊರಿ ನಿಂತಿದ್ದ. ಅವಳನ್ನು ಕಂಡದ್ದೇ ಅವನ ಕಿವಿ ಕೆಂಪಾಯಿತು.

"ಏನ್ ಹಿನ್ರಿಕ್, ನಿಮ್ಮ ಕುರಿಗಳಿಗೆ ನನ್ನ ಮೇಲೆ ಮುನಿಸಾ?"

"ಹಾಗೇನಿಲ್ಲ. ಈ ಕಡೆ ಮೇವು ಚೆನ್ನಾಗಿದೆ."

"ಬರೀ ಮರಳು! ಕುರಿಗಳ ಮುಖ ನೋಡಿ, ಅವಕ್ಕೇ ನಗು ಬರ್ತಿದೆ."

ಅವನು ನೋಡಲಿಲ್ಲ. ಬಗ್ಗಿ, ಮಂದೆ ಕಾಯುವ ನಾಯಿಯ ಕಿವಿ ಸವರಿದ.

"ನಾನೇನಾದ್ರೂ ತಪ್ಪು ಮಾಡಿದ್ರೆ ನನ್ನ ಬೈರಿ. ನನ್ನ ನೊಣಗಳು ಏನ್ ಮಾಡಿದ್ವು?"

"ಪೆಟ್ಟಿಗೇಲಿ ಜೇನು ತುಂಬಿದ ದಿನ ಹೊರಡ್ತೀನಿ, ಎಲ್ಲ ಮಾರಿಬಿಡ್ತೀನಿ, ಇನ್ನು ಈ ಕಡೆ ಬರಲ್ಲ ಅಂದ್ರಲ್ಲ ಅವತ್ತು."

"ಅಂದೆ. ಅದಕ್ಕೆ?"

"ಅದಕ್ಕೆ... ನಿಧಾನವಾಗಿ ತುಂಬಲಿ ಅಂತ."

ವೀಬ್ಕೆಗೆ ಸಿಟ್ಟು ಬಂತು. ಅದರ ಹಿಂದೆಯೇ ಇನ್ನೇನೋ ಬಂದು ಸಿಟ್ಟು ಅರ್ಧಕ್ಕೇ ನಿಂತಿತು.

"ತಲೆಕೂದಲು ನೆರೆತಿದೆ. ಬಾಯಿಬಿಟ್ಟು ಹೇಳೋಕಾಗ್ದೆ ಜೇಡಗಳನ್ನ ಕೆಲಸಕ್ಕಿಟ್ಕೊಂಡ್ರಾ?"

"ದಿನವಿಡೀ ಕುರಿಗಳ ಜೊತೆ ಮಾತಾಡೋನು ನಾನು. ಅವು ಇಲ್ಲ ಅನ್ನಲ್ಲ."

ಅವಳು ಅಂಗೈ ಬಿಚ್ಚಿ ಸತ್ತ ನೊಣವನ್ನು ತೋರಿಸಿದಳು. ಹಿನ್ರಿಕ್ ಟೋಪಿ ತೆಗೆದ.

"ತಪ್ಪಾಯ್ತು. ನಾಳೆ ಬೆಳಕು ಹರಿಯೋ ಮೊದಲೇ ಮಂದೆ ತರ್ತೀನಿ. ಬೇಗ ತುಂಬುತ್ತೆ. ನೀವು ಹೊರಡಬಹುದು."

ಅವಳು ಮರಳಿನ ಮೇಲೇ ಕೂತಳು. ಯಾವಾಗ ಬರ್ತೀ, ಯಾವಾಗ ಹೋಗ್ತೀ ಎಂದು ಎಲ್ಲ ಊರಿನವರೂ ಕೇಳುತ್ತಿದ್ದರು. ಹೋಗದಿರಲಿ ಎಂದು ಬಯಸಿದವರು ಯಾರೂ ಇರಲಿಲ್ಲ.

"ಮಾರೋ ಆಸೆ ನನಗೆಲ್ಲಿದೆ ಹಿನ್ರಿಕ್? ಒಬ್ಬಳೇ ಎತ್ತಿ ಎತ್ತಿ ಸಾಕಾಗಿದೆ, ಅಷ್ಟೇ."

"ಇನ್ನೊಬ್ಬರಿದ್ರೆ?"

ಅವಳು ಅವನ ಒರಟು ಕೈಗಳನ್ನು ನೋಡಿದಳು.

"ನಾಳೆ ಬಲೆ ಹರೀರಿ. ಪೆಟ್ಟಿಗೆ ತುಂಬಲಿ. ಆಮೇಲೆ ಅವನ್ನ ನಿಮ್ಮ ಹಿತ್ತಿಲಿಗೆ ಸಾಗಿಸೋಣ."

"ನನ್ನ ಹಿತ್ತಿಲಿಗಾ?"

"ಚಳಿಗಾಲಕ್ಕೆ ಅವಕ್ಕೊಂದು ಜಾಗ ಬೇಡವಾ? ನನಗೂ?"

ಅವನು ಪಕ್ಕದಲ್ಲಿ ಕೂತು ಏನೋ ಹೇಳಲು ಬಾಯಿ ತೆರೆದ.

"ಈಗ ಮಾತು ಬೇಡ," ಎಂದು ಅವಳು ಅವನ ಭುಜಕ್ಕೆ ತಲೆಯಾನಿಸಿದಳು. "ಸ್ವಲ್ಪ ಹೊತ್ತು ಹೀಗೇ ಇರಿ."

ನಿದ್ದೆ ಹತ್ತಿ ಅವಳ ಉಸಿರು ನಿಧಾನವಾಯಿತು. ಕುರಿಗಳು ಒಂದೊಂದಾಗಿ ಬರ್ಚ್ ಮರಗಳ ಕಡೆ ಚದುರತೊಡಗಿದವು. ಹಿನ್ರಿಕ್ ಅವನ್ನು ತಿರುಗಿಸಿ ತರುವಂತೆ ನಾಯಿಗೆ ಕಣ್ಣಲ್ಲೇ ಸನ್ನೆ ಮಾಡಿ, ಭುಜ ಅಲುಗದಂತೆ ಕೂತೇ ಇದ್ದ.